ಫೋಟೋದಲ್ಲಿ ಹಣ್ಣಿನ ತೂಕ: ಬೆಳೆಗಾರರ ಗುಂಪಿನಲ್ಲಿ ಇಮೇಜ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಶ್ರೀನಿವಾಸಪುರದ ಬೆಳೆಗಾರ: ಸರ್, ಬಾದಾಮಿ ಮಾವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಅಳತೆಗೆ 10 ರೂಪಾಯಿ ನಾಣ್ಯ ಇಟ್ಟು ಮೇಲಿಂದ ಫೋಟೋ ತೆಗೆಯುತ್ತೇನೆ. ಮಗ ಪೈಥಾನ್‌ನಲ್ಲಿ ಫೋಟೋದಿಂದ ತೂಕ ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿದ್ದಾನೆ. ಎಲ್ಲ ಹಣ್ಣಿಗೂ ತೂಕ ಜಾಸ್ತಿ ಬರುತ್ತಿದೆ.

ಎಂಜಿನಿಯರ್: ಎಲ್ಲಕ್ಕೂ ಜಾಸ್ತಿ ಅಂದರೆ ಮೊದಲು ನಾಣ್ಯ ನೋಡಿ. ಅದು ಮೇಜಿನ ಮೇಲೆ ಮಲಗಿದೆ, ಹಣ್ಣಿನ ನಡು ಅದಕ್ಕಿಂತ ಮೇಲೆ, ಕ್ಯಾಮೆರಾಗೆ ಹತ್ತಿರ. ಕ್ಯಾಮೆರಾ 40 ಸೆಂ.ಮೀ., ನಡು 4 ಸೆಂ.ಮೀ. ಎತ್ತರದಲ್ಲಿದ್ದರೆ ಉದ್ದ, ಅಗಲ ಎರಡೂ ನೂರಕ್ಕೆ ಸುಮಾರು 11 ಹೆಚ್ಚು ಕಾಣುತ್ತವೆ, ತೂಕಕ್ಕೆ ಮೂರು ಅಳತೆ ಗುಣಿಸುವಾಗ ಅದೇ ತಪ್ಪು ನೂರಕ್ಕೆ 37 ಆಗುತ್ತದೆ. ಕಾಲು ಕಿಲೋ ಹಣ್ಣು 340 ಗ್ರಾಂ ಅಂತ ತೋರಿಸುತ್ತದೆ. ನಾಣ್ಯವನ್ನು ಮರದ ತುಂಡಿನ ಮೇಲೆ ಹಣ್ಣಿನ ನಡುವಿನ ಎತ್ತರಕ್ಕೆ ಇಡಿ. ಒಂದು ಮೀಟರ್ ದೂರದಿಂದ ತೆಗೆಯಿರಿ. ಇನ್ನೊಂದು ಮಾತು, ಮಾವು ಚೆಂಡಲ್ಲ, ಕೆನ್ನೆ ಚಪ್ಪಟೆ. ದಪ್ಪವೂ ಅಗಲದಷ್ಟೇ ಅಂತ ನಿಮ್ಮ ಹುಡುಗ ಹಿಡಿದಿರಬೇಕು. ಬದಿಯಿಂದ ಇನ್ನೊಂದು ಫೋಟೋ ತೆಗೆಯಿರಿ. ಉದ್ದ, ಅಗಲ, ದಪ್ಪ ಸೆಂ.ಮೀ.ನಲ್ಲಿ ಗುಣಿಸಿ, 0.52ರಿಂದ ಗುಣಿಸಿದರೆ ಹತ್ತಿರ ಹತ್ತಿರ ಗ್ರಾಂ ಸಿಗುತ್ತದೆ. ಒಂದಷ್ಟು ಹಣ್ಣು ತೂಗಿ ಆ 0.52 ಅನ್ನು ನಿಮ್ಮ ತೋಟಕ್ಕೆ ತಿದ್ದಿಕೊಳ್ಳಿ.

ಹಿರಿಯೂರಿನವರು: ದಾಳಿಂಬೆಗೂ ಇದೇನಾ?

ಎಂಜಿನಿಯರ್: ಹೌದು. ಕಿರೀಟ ಬಿಟ್ಟು ಅಳೆಯಿರಿ.

ಇನ್ನೊಬ್ಬ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. ಫೋಟೋ ಹಾಕಿದರೆ ಆಪ್ ತೂಕ, ಸಿಹಿ, ಹಣ್ಣು ಮಾಗಿಸಲು ಕಾರ್ಬೈಡ್ ರಾಸಾಯನಿಕ ಹಾಕಿದ್ದಾರಾ ಎಲ್ಲ ಹೇಳುತ್ತದಂತೆ. ನೀರಲ್ಲಿ ತೇಲಿದರೆ ಕಾರ್ಬೈಡ್ ಗ್ಯಾರಂಟಿಯಂತೆ.

ಎಂಜಿನಿಯರ್: ಫೋನ್ ಕ್ಯಾಮೆರಾಗೆ ಕಾಣುವುದು ಸಿಪ್ಪೆ. ಸರಿಯಾಗಿ ಬಲಿಯದ ಮಾವೂ ತೇಲುತ್ತದೆ, ಕಾರ್ಬೈಡ್ ವಿಷಯ ಅದರಿಂದ ತಿಳಿಯುವುದಿಲ್ಲ. ಸಿಕ್ಕಿದ್ದನ್ನೆಲ್ಲ ಸುಮ್ನೆ ಇಲ್ಲಿಗೆ ತಳ್ಳಬೇಡಿ.

ಕೋಲಾರದವರು: ಮಂಡಿಯಲ್ಲಿ ಕಣ್ಣಳತೆಯಲ್ಲೇ ಮೂರನೇ ದರ್ಜೆ ಅನ್ನುತ್ತಾರೆ. ಈ ಲೆಕ್ಕ ತೋರಿಸಿದರೆ ಒಪ್ಪಬೇಕು ಅಲ್ವಾ?

ಬೆಂಗಳೂರಿನವರು: ಒಪ್ಪುತ್ತಾರೆ, ಕನಸಲ್ಲಿ.

ಕೋಲಾರದವರು: ಮಂಡಿ ಮೆಟ್ಟಿಲು ಹತ್ತದವರು ಮಾತಾಡುವುದು ಸುಲಭ.

ಬೆಂಗಳೂರಿನವರು: ನಮ್ಮದೂ ತೋತಾಪುರಿ ತೋಟ ಇದೆ. ನಾಲಿಗೆ ಹಿಡಿತದಲ್ಲಿರಲಿ.

ವಿದ್ಯಾರ್ಥಿನಿ: ಸರ್, ಮರದಲ್ಲಿರುವ ಕಾಯಿಯನ್ನು ಎಲೆ ಅರ್ಧ ಮುಚ್ಚಿದ್ದರೆ ಹೇಗೆ ಅಳೆಯುವುದು?

ಕೋಲಾರದವರು: ತೋಟ ಗುತ್ತಿಗೆಗೆ ಕೊಟ್ಟು ಸಿಟಿಯಲ್ಲಿ ಕೂತರೆ ಬೆಳೆಗಾರರಾ?

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಗಾತ್ರ ವಿಂಗಡಿಸಲು ಫೋಟೋ ಸಾಕು. ದುಡ್ಡು ಎಣಿಸುವ ತೂಕಕ್ಕೆ ಸರ್ಕಾರಿ ಮುದ್ರೆ ಬಿದ್ದ ತಕ್ಕಡಿಯೇ ಬೇಕು, ಕಾನೂನೇ ಹಾಗಿದೆ.

ತಿಪಟೂರಿನವರು: ಹಲಸಿಗೆ ಸರ್?

ಎಂಜಿನಿಯರ್: ತಕ್ಕಡಿ.

ಹೊಸ ಸದಸ್ಯ: ಯಾವ ನಾಣ್ಯ ಇಡಬೇಕು? ಆ ಆಪ್ ಲಿಂಕ್ ಕೂಡ ಕಳಿಸಿ.

ಎಂಜಿನಿಯರ್: 10 ರೂಪಾಯಿಯದ್ದು, ಅಗಲ 27 ಮಿ.ಮೀ. ಮೇಲೆ ಓದಿ ಮಾರಾಯರೇ.