ಎರವಲು ತಂದ ಇ-ಪುಸ್ತಕ ಓದಿ ಮುಗಿಯುವ ಮೊದಲೇ ಕಾಣೆಯಾಗುವುದೇಕೆ?

ಅಂಚುಟಿಪ್ಪಣಿ (ಪ್ರಶ್ನೆ):

ಗ್ರಂಥಾಲಯದ ಸದಸ್ಯತ್ವದ ಮೇಲೆ ಲಿಬ್ಬಿ ಆ್ಯಪ್‌ನಲ್ಲಿ ಇ-ಪುಸ್ತಕ ಓದುವುದು ನನಗೆ ರೂಢಿ. ಕಳೆದ ತಿಂಗಳು ಒಂದು ಜೀವನಚರಿತ್ರೆಯ ಹನ್ನೊಂದನೆಯ ಅಧ್ಯಾಯದಲ್ಲಿದ್ದಾಗ ಅವಧಿ ಮುಗಿದು ಪುಸ್ತಕ ತಾನಾಗಿ ಹಿಂದಿರುಗಿತು. ಮರುದಿನ ಮತ್ತೆ ಪಡೆಯಲು ಹೋದರೆ ಅದು ನಮ್ಮ ಗ್ರಂಥಾಲಯದ ಸಂಗ್ರಹದಲ್ಲೇ ಇರಲಿಲ್ಲ. ನಾನು ಗುರುತು ಹಾಕಿಕೊಂಡಿದ್ದ ಸಾಲುಗಳು ಆ್ಯಪ್‌ನಲ್ಲಿ ಹಾಗೆಯೇ ಇವೆ, ಆದರೆ ಪುಸ್ತಕವಿಲ್ಲ. ಆನ್‌ಲೈನ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಿಂದೆ ಎರವಲು ಸಿಗುತ್ತಿದ್ದ ಅದರ ಸ್ಕ್ಯಾನ್ ಪ್ರತಿಯೂ ಈಗ ತೆರೆಯುತ್ತಿಲ್ಲ. ಇನ್ನೊಂದು ಕಾದಂಬರಿಗೆ ನನಗಿಂತ ಮುಂದೆ ಹದಿನೇಳು ಜನ ಕಾಯುತ್ತಿದ್ದಾರೆ. ಎಷ್ಟು ಬೇಕಾದರೂ ನಕಲು ಮಾಡಬಹುದಾದ ಕಡತಕ್ಕೆ ಸರದಿ ಏಕೆ ಬೇಕು? ಕಾನೂನಿಗೆ ಒಳಪಟ್ಟು, ಹಣ ಕೊಡದೆ ಓದಲು ನೆಚ್ಚಬಹುದಾದ ಬೇರೆ ತಾಣಗಳಿದ್ದರೆ ದಯವಿಟ್ಟು ತಿಳಿಸಿ.

ಹಳೆಯ ಗ್ರಂಥಪಾಲಕಿ:

ಮುದ್ರಿತ ಪುಸ್ತಕವನ್ನು ಒಮ್ಮೆ ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ಬೆನ್ನು ಕಿತ್ತುಬಂದರೆ ಅಂಟು ಹಚ್ಚಿ, ರಟ್ಟು ಕಟ್ಟಿಸಿ, ಹಾಳೆಗಳು ಉದುರುವವರೆಗೂ ಎರವಲು ಕೊಡುತ್ತೇವೆ, ಯಾರನ್ನೂ ಕೇಳಬೇಕಾಗಿಲ್ಲ. ಇ-ಪುಸ್ತಕದಲ್ಲಿ ನಮಗೆ ಸಿಗುವುದು ಬಹುಮಟ್ಟಿಗೆ ಪರವಾನಗಿ ಮಾತ್ರ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಸಂಸ್ಥೆಯು 26 ಸಲ ಎರವಲು ಕೊಟ್ಟ ಮೇಲೆ ಪರವಾನಗಿ ಮುಗಿಯುತ್ತದೆ ಎಂಬ ನಿಯಮ ತಂದಾಗ ನಮ್ಮ ವೃತ್ತಿಯವರು ಕೆರಳಿದ್ದರು. ಇಂದು ಎರಡು ವರ್ಷಗಳ ಗಡುವಿನ ಪರವಾನಗಿ ಸಾಮಾನ್ಯವಾಗಿಬಿಟ್ಟಿದೆ, ಅದಕ್ಕೆ ನಾವು ತೆರುವ ಹಣವಂತೂ ಸಾಮಾನ್ಯ ಓದುಗರು ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಿಮ್ಮ ಜೀವನಚರಿತ್ರೆಯ ಪರವಾನಗಿ ಬಹುಶಃ ಹೀಗೆಯೇ ತೀರಿರಬೇಕು. ಒಂದು ಪರವಾನಗಿಗೆ ಒಂದು ಸಲಕ್ಕೆ ಒಬ್ಬರೇ ಓದುಗರು ಎಂಬ ಷರತ್ತು ಇರುವುದರಿಂದ ಸರದಿಯೂ ತಪ್ಪುವುದಿಲ್ಲ.

ಆದರೂ ಓದುಗರ ಮಾತಿಗೆ ಬೆಲೆಯಿಲ್ಲವೆಂದು ತಿಳಿಯಬೇಡಿ. 2019ರ ನವೆಂಬರ್‌ನಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಯು ಹೊಸ ಇ-ಪುಸ್ತಕಗಳ ಮೊದಲ ಎಂಟು ವಾರಗಳಲ್ಲಿ ಒಂದು ಗ್ರಂಥಾಲಯ ವ್ಯವಸ್ಥೆಗೆ, ಅದು ಎಷ್ಟೇ ದೊಡ್ಡದಾಗಿರಲಿ, ಒಂದೇ ಪ್ರತಿ ಎಂದು ಕಟ್ಟುಮಾಡಿತ್ತು. ಹಲವು ಗ್ರಂಥಾಲಯಗಳು ಖರೀದಿಯನ್ನೇ ನಿಲ್ಲಿಸಿದವು, ಓದುಗರು ವಿರೋಧದ ಮನವಿಗೆ ಸಹಿ ಹಾಕಿದರು, 2020ರ ಮಾರ್ಚ್‌ನಲ್ಲಿ ಆ ನಿಯಮ ರದ್ದಾಯಿತು. ಆ್ಯಪ್‌ನಲ್ಲಿ ಸಂಗ್ರಹದಲ್ಲಿಲ್ಲದ ಪುಸ್ತಕದ ಮುಂದೆ ‘ನನಗೆ ತಿಳಿಸಿ’ ಎಂಬ ಅರ್ಥದ ಗುರುತು ಇರುತ್ತದೆ, ಅದನ್ನು ಒತ್ತಿ. ಯಾವ ಪರವಾನಗಿ ನವೀಕರಿಸಬೇಕೆಂದು ತೀರ್ಮಾನಿಸುವಾಗ ಇಂಥ ಕೋರಿಕೆಗಳನ್ನು ನೋಡುತ್ತೇವೆ. ಅದರ ಜೊತೆಗೆ, ಮುದ್ರಿತ ಪ್ರತಿಯನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಅಂತರಗ್ರಂಥಾಲಯ ಎರವಲು ಸೇವೆಯನ್ನೂ ವಿಚಾರಿಸಿ.

ಹಳದಿ ಹಾಳೆ:

ಇಂಟರ್ನೆಟ್ ಆರ್ಕೈವ್‌ನ ಕಥೆ ಬೇರೆ. ತನ್ನ ಬಳಿಯಿರುವ ಒಂದು ಮುದ್ರಿತ ಪ್ರತಿಗೆ ಒಂದು ಸ್ಕ್ಯಾನ್ ಪ್ರತಿಯಂತೆ ಅದು ಎರವಲು ಕೊಡುತ್ತಿತ್ತು. 2020ರ ಮಾರ್ಚ್‌ನಲ್ಲಿ, ಗ್ರಂಥಾಲಯಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಈ ಲೆಕ್ಕವನ್ನು ಬದಿಗಿಟ್ಟು ಸರದಿಯನ್ನೇ ತೆಗೆದುಹಾಕಿತು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದು ದುಡುಕು ಎಂದು ನನಗೆ ಆಗಲೇ ಅನ್ನಿಸಿತ್ತು. ಜೂನ್‌ನಲ್ಲಿ ನಾಲ್ಕು ದೊಡ್ಡ ಪ್ರಕಾಶನ ಸಂಸ್ಥೆಗಳು ಅಮೆರಿಕದಲ್ಲಿ ಮೊಕದ್ದಮೆ ಹೂಡಿದವು. 2023ರ ಮಾರ್ಚ್‌ನ ತೀರ್ಪು ಆರ್ಕೈವ್‌ಗೆ ವಿರುದ್ಧವಾಗಿ ಬಂತು, 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು, ಆರ್ಕೈವ್ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ಐದು ಲಕ್ಷದಷ್ಟು ಪುಸ್ತಕಗಳು ಸಾಮಾನ್ಯ ಎರವಲಿನಿಂದ ಹೊರಗೆ ಹೋದವು. ನಿಮ್ಮದೂ ಅವುಗಳಲ್ಲಿ ಒಂದಾಗಿರಬಹುದು.

ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳಿಗೆ ಈ ಯಾವ ತೊಡಕೂ ಇಲ್ಲ. 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಈಗ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಅವೇ ಕೃತಿಗಳಲ್ಲಿ ಕೆಲವನ್ನು ಸ್ಟ್ಯಾಂಡರ್ಡ್ ಇಬುಕ್ಸ್ ತಂಡದವರು ಮತ್ತೆ ಕರಡು ತಿದ್ದಿ, ಅಕ್ಷರವಿನ್ಯಾಸವನ್ನು ಅಚ್ಚುಕಟ್ಟಾಗಿ ಮಾಡಿ ಕೊಡುತ್ತಾರೆ. ಎರಡೂ ಕಡೆ ಒಂದೇ ಪುಸ್ತಕ ಸಿಕ್ಕರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಮೂಲ ಪುಟದ ರೂಪವೇ ಬೇಕೆಂದರೆ ಸ್ಕ್ಯಾನ್ ಪ್ರತಿಗಳಿವೆ, ಒಮ್ಮೊಮ್ಮೆ ಹಾಳೆ ತಿರುವಿದವರ ಹೆಬ್ಬೆರಳು ಕೊನೆಯ ಸಾಲನ್ನು ನುಂಗಿರುತ್ತದೆ, ಅಷ್ಟೆ. ಅವಧಿಯ ನಿಯಮ ಮಾತ್ರ ದೇಶದಿಂದ ದೇಶಕ್ಕೆ ಬೇರೆ: ಅಮೆರಿಕದಲ್ಲಿ 1930ರಲ್ಲಿ ಪ್ರಕಟವಾದ ಕೃತಿಗಳು 2026ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು, ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಯುರೋಪಿನ ಬಹುತೇಕ ದೇಶಗಳಲ್ಲಿ 70 ವರ್ಷ ಕಾಯಬೇಕು. ಈ ತಾಣಗಳಲ್ಲಿ ಇಳಿಸಿಕೊಳ್ಳಲು ಸಿಕ್ಕಿತೆಂದ ಮಾತ್ರಕ್ಕೆ ಎಲ್ಲ ಕಡೆಯೂ ಮುಕ್ತವೆಂದು ಭಾವಿಸಬೇಡಿ.

ಕಿವಿಯೋದು:

ಕೇಳುವ ಅಭ್ಯಾಸವಿದ್ದರೆ 2005ರಿಂದ ನಡೆಯುತ್ತಿರುವ ಲಿಬ್ರಿವಾಕ್ಸ್ ನೋಡಿ. ಓದುವವರೆಲ್ಲ ಸ್ವಯಂಸೇವಕರು, ಆದ್ದರಿಂದ ಒಂದೇ ಕಾದಂಬರಿಯಲ್ಲಿ ಅಧ್ಯಾಯಕ್ಕೊಂದು ದನಿ ಬರುವುದುಂಟು. ಇನ್ನೊಂದು ಮಾತು: 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಲುಕಿದ ಬ್ರಿಟಿಷ್ ಲೈಬ್ರರಿಯ ಗ್ರಂಥಸೂಚಿ ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ, ಮರುವರ್ಷ ಅದೇ ತಿಂಗಳು ಇಂಟರ್ನೆಟ್ ಆರ್ಕೈವ್ ಕೂಡ ಕೆಲವು ದಿನ ಸ್ತಬ್ಧವಾಯಿತು. ನೀವು ಗುರುತು ಹಾಕಿಕೊಂಡ ಸಾಲುಗಳನ್ನು ಆ್ಯಪ್‌ನಿಂದ ಹೊರತೆಗೆದು ನಿಮ್ಮ ಕಂಪ್ಯೂಟರಿನಲ್ಲಿ ಇಂದೇ ಉಳಿಸಿಕೊಳ್ಳಿ. ಲಿಬ್ಬಿಯಲ್ಲಿ ಅದಕ್ಕೆ ಅವಕಾಶವಿದೆ.

ಅಂಚುಟಿಪ್ಪಣಿ:

ಎಲ್ಲರಿಗೂ ಕೃತಜ್ಞತೆಗಳು. ಗ್ರಂಥಾಲಯದಲ್ಲಿ ವಿಚಾರಿಸಿದೆ. ಗ್ರಂಥಪಾಲಕಿಯವರು ಊಹಿಸಿದಂತೆ ಎರಡು ವರ್ಷದ ಪರವಾನಗಿ ಮುಗಿದಿತ್ತಂತೆ. ನವೀಕರಣಕ್ಕೆ ಕೋರಿಕೆ ಬರೆದುಕೊಟ್ಟಿದ್ದೇನೆ. ಮುದ್ರಿತ ಪ್ರತಿ ಇನ್ನೊಂದು ಗ್ರಂಥಾಲಯದಲ್ಲಿ ಸಿಕ್ಕಿದ್ದು, ಮುಂದಿನ ವಾರ ಬರುತ್ತದೆ. ಗುರುತು ಹಾಕಿದ ಸಾಲುಗಳನ್ನೂ ಇಳಿಸಿಕೊಂಡೆ. ಅವುಗಳಲ್ಲಿ ಪುಟಸಂಖ್ಯೆಯಿಲ್ಲ, ಶೇಕಡಾವಾರು ಲೆಕ್ಕವಷ್ಟೇ ಇದೆ. ಹಾಗಾಗಿ ಮುದ್ರಿತ ಪ್ರತಿಯಲ್ಲಿ ಅವನ್ನು ಅಧ್ಯಾಯದ ಆಧಾರದ ಮೇಲೆ ಹುಡುಕಿಕೊಳ್ಳಬೇಕಾಗುತ್ತದೆ.