ಎಲ್‌ಎಸ್3ಗೆ ಸೂಪರ್‌ಚಾರ್ಜರ್: 5,500 ದಾಟಿದರೆ ಬೂಸ್ಟ್ ಬೀಳ್ತಿದೆ, ಕ್ರ್ಯಾಂಕ್ ಬೋಲ್ಟ್ ಹಳೆಯದು

ಪ್ರಶ್ನೆ: 2010ರ ಕಾರ್ವೆಟ್ ಕಾರು, ಅದರ ಎಲ್‌ಎಸ್3 ವಿ8 ಎಂಜಿನ್, ಒಳಗೆಲ್ಲ ಕಂಪನಿಯದ್ದೇ. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ (ಕ್ರ್ಯಾಂಕ್ ಪುಲ್ಲಿಯ ಬೆಲ್ಟಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಯಂತ್ರ) ಕೂರಿಸಿದೆ. 5,500 ಆರ್‌ಪಿಎಂ ದಾಟಿದ ಮೇಲೆ ಬೂಸ್ಟ್ (ಒತ್ತಿದ ಗಾಳಿಯ ಒತ್ತಡ) 7 ಪಿಎಸ್‌ಐ ಇರಬೇಕಾದಲ್ಲಿ 4. ಬೆಲ್ಟ್ ಬದಲಿಸಿದರೂ ಅಷ್ಟೇ. ಎಂಜಿನ್ ಲೈಟ್ ಬಂದಿಲ್ಲ. ಮುಂದಿನ ಸೀಲ್ ಹತ್ತಿರ ಆಯಿಲ್ ಜಿನುಗ್ತಿದೆ. ಬ್ಯಾಲೆನ್ಸರ್‌ಗೆ (ಕ್ರ್ಯಾಂಕಿನ ಮುಂದಿನ ತುದಿಯಲ್ಲಿ ಕೂರುವ, ಅದುರು ತಗ್ಗಿಸುವ ಪುಲ್ಲಿ) ಹಳೇ ಬೋಲ್ಟನ್ನೇ ಹಾಕಿದ್ದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸರ್, ಆ ಹಳೇ ಬೋಲ್ಟಿಂದಲೇ. ಅದು ಹಿಗ್ಗಿ ಹಿಡಿಯುವ ಬೋಲ್ಟ್, ಒಂದೇ ಸಲಕ್ಕೆ. ಎಲ್‌ಎಸ್3ರ ಬ್ಯಾಲೆನ್ಸರ್‌ಗೆ ಕೀ (ಜಾರದಂತೆ ತಡೆಯುವ ಲೋಹದ ತುಂಡು) ಇಲ್ಲ. ಬಿಗಿಯಾಗಿ ಕೂತ ಹಬ್ (ಬ್ಯಾಲೆನ್ಸರ್ರಿನ ನಡುಭಾಗ) ಮತ್ತು ಬೋಲ್ಟಿನ ಒತ್ತಡ, ಇಷ್ಟೇ ಅದನ್ನು ಹಿಡಿದಿರೋದು. ಸೂಪರ್‌ಚಾರ್ಜರ್ ಎಳೆತ ಬಂದರೆ ಹಬ್ ಜಾರುತ್ತೆ. ಲೈಟ್ ಬಾರದಿರೋದಕ್ಕೂ ಕಾರಣ ಇದೆ: ಕ್ರ್ಯಾಂಕ್ ಸೆನ್ಸರ್ ಓದುವ ಚಕ್ರ ಎಂಜಿನ್ನಿನ ಹಿಂಭಾಗದಲ್ಲಿದೆ, ಮುಂದೆ ಪುಲ್ಲಿ ಜಾರಿದ್ದು ಅದಕ್ಕೆ ತಿಳಿಯಲ್ಲ.

ಖಚಿತ ಮಾಡ್ಕೊಳ್ಳಿ. ಬೋಲ್ಟ್ ತಲೆಯಿಂದ ಹಬ್, ರಬ್ಬರ್, ಹೊರ ರಿಂಗ್ ದಾಟಿಸಿ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದು, ಒಂದೇ ಒಂದು ಸಲ ಮೇಲಿನ ಆರ್‌ಪಿಎಂಗೆ ಎಳೆಯಿರಿ. ಗೆರೆ ರಬ್ಬರ್ ಹತ್ತಿರ ಮುರಿದಿದ್ದರೆ ಬ್ಯಾಲೆನ್ಸರ್ರೇ ಹೋಗಿದೆ. ಬೋಲ್ಟ್-ಹಬ್ ನಡುವೆ ಮುರಿದಿದ್ದರೆ ಹಬ್ ಜಾರ್ತಿದೆ. ಆಮೇಲೆ ಓಡಿಸಲೇಬೇಡಿ, ಹಬ್ ಕೂರುವ ಕ್ರ್ಯಾಂಕಿನ ಮೂತಿ ಗೀರಿದರೆ ಕ್ರ್ಯಾಂಕೇ ಬದಲಾಗಬೇಕು. ಗೆರೆ ನೆಟ್ಟಗಿದ್ದರೆ ಬೆಲ್ಟ್ ಜಾರ್ತಿದೆ ಅಂತ, ಟೆನ್ಷನರ್ ಮತ್ತು ಪುಲ್ಲಿಗಳ ಸಾಲು ನೋಡಿ.

ಪ್ರಶ್ನೆ: ಬೋಲ್ಟ್-ಹಬ್ ನಡುವೆ ಸುಮಾರು ಬೆರಳಗಲ ಸರಿದಿದೆ. ಗಟ್ಟಿ ಎಆರ್‌ಪಿ ಕಂಪನಿಯ ಬೋಲ್ಟ್ ಹಾಕಿದರೆ, ಹಬ್ಬನ್ನು ಕ್ರ್ಯಾಂಕಿಗೆ ಲಾಕ್ ಮಾಡುವ ಪಿನ್ ಬೇಡವೇ?

ಉತ್ತರ: ಈಗಾಗಲೇ ಜಾರಿದೆ, ಪಿನ್ ಹಾಕಲೇಬೇಕು. ಸ್ಟಿಯರಿಂಗ್ ರ‍್ಯಾಕ್ ಕೆಳಗಿಳಿಸಿ, ಮೂರು ಕಾಲಿನ ಪುಲ್ಲರ್ ಹಬ್ಬಿಗೆ ಸಿಕ್ಕಿಸಿ ಎಳೀರಿ, ಹೊರ ರಿಂಗಿಗಲ್ಲ. ಬಿಚ್ಚಿದಾಗಲೇ ಸೀಲ್ ಹೊಸದು ಹಾಕಿ. ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ, ಏಟು ಥ್ರಸ್ಟ್ ಬೇರಿಂಗಿಗೆ ಬೀಳುತ್ತೆ, ಉದ್ದನೆಯ ಎಂ16×2.0 ಥ್ರೆಡ್ ರಾಡಿಂದ ಒಳಗೆಳೀರಿ. ಫ್ಲೈವೀಲ್ ಲಾಕ್ ಮಾಡಿ, ಹಬ್ ಪೂರ್ತಿ ಕೂರೋಕೆ ಮಾತ್ರ ಹಳೇ ಬೋಲ್ಟಲ್ಲಿ 330 ಎನ್‌ಎಂಗೆ (ನ್ಯೂಟನ್ ಮೀಟರ್) ಬಿಗಿದು ಬಿಚ್ಚಿ. ಕ್ರ್ಯಾಂಕ್ ತುದಿ ಹಬ್ ಮುಖಕ್ಕಿಂತ 2.4ರಿಂದ 4.48 ಮಿ.ಮೀ. ಒಳಗಿರಬೇಕು. ಇಲ್ಲದಿದ್ದರೆ ಪೂರ್ತಿ ಕೂತಿಲ್ಲ, ಡ್ರಿಲ್ ಮುಟ್ಟಬೇಡಿ.

ಆಮೇಲೆ ಡ್ರಿಲ್ ಗೈಡ್. ಕಾಲು ಇಂಚಿನ ಪಿನ್ ಅರ್ಧ ಕ್ರ್ಯಾಂಕಲ್ಲಿ, ಅರ್ಧ ಹಬ್ಬಲ್ಲಿ ಕೂರುತ್ತೆ; ಎದುರುಬದುರು ಎರಡು ಹಾಕಿ. ಆಳಕ್ಕೆ ಬಿಟ್ಟಿಗೆ ಟೇಪ್ ಸುತ್ತಿ, ಗ್ರೀಸ್ ಹಚ್ಚಿ ಸ್ವಲ್ಪ ಸ್ವಲ್ಪವೇ ಕೊರೆದು ಚೂರು ತೆಗೀತಾ ಬನ್ನಿ. ಕೊನೆಗೆ ತೂತನ್ನು ಸರಿಯಳತೆಗೆ ತರೋಕೆ ರೀಮರ್. ಪಿನ್ ಪೂರ್ತಿ ಒಳಗಿಳಿದು, ಅದರ ಮೇಲೆ ಬೋಲ್ಟ್ ತಲೆ ಕೂರಬೇಕು. ಕಂಪನಿಯ ಹೊಸ ಬೋಲ್ಟಾದರೆ 50 ಎನ್‌ಎಂಗೆ ಬಿಗಿದು, ಮತ್ತೆ 140 ಡಿಗ್ರಿ ತಿರುಗಿಸಿ. ಎಆರ್‌ಪಿಗೆ ಡಿಗ್ರಿ ಲೆಕ್ಕ ಸಲ್ಲದು; ಜೊತೆಗೆ ಬಂದ ಚೀಟಿಯ ಟಾರ್ಕ್, ಅವರದೇ ಲ್ಯೂಬ್.

ಇನ್ನೊಬ್ಬರ ಉತ್ತರ: ಸ್ಪಾರ್ಕ್ ಪ್ಲಗ್ ಹಳೆಯವೇ ಇದ್ದರೆ ಒಂದು ಹಂತ ತಣ್ಣನೆಯದು (ಬಿಸಿಯನ್ನು ಬೇಗ ಹೊರಬಿಡುವಂಥದ್ದು), ಉದಾಹರಣೆಗೆ ಎನ್‌ಜಿಕೆ ಟಿಆರ್6 ಹಾಕಿ. ಗ್ಯಾಪ್ 1.0 ಬದಲು 0.8 ಮಿ.ಮೀ. ಬೂಸ್ಟ್ ಸರಿಹೋದ ಮೇಲೆ ಇನ್ನೂ ಹೆಚ್ಚಿಸೋಕೆ ಸೂಪರ್‌ಚಾರ್ಜರ್ ಪುಲ್ಲಿ ಚಿಕ್ಕದು ಮಾಡುವ ಆಸೆ ಬರುತ್ತೆ, ದಯವಿಟ್ಟು ತಡೀರಿ. ಎಲ್‌ಎಸ್3ರ ಕಂಪ್ರೆಷನ್ ಅನುಪಾತ 10.7, ಪಿಸ್ಟನ್ ಎರಕದ್ದು. ಕಾರ್ಖಾನೆಯಲ್ಲೇ ಸೂಪರ್‌ಚಾರ್ಜರ್ ಹೊತ್ತು ಬಂದ ಎಲ್‌ಎಸ್9ಗೆ 9.1, ಅದೂ ಫೋರ್ಜ್ಡ್ (ಬಡಿದು ಗಟ್ಟಿ ಮಾಡಿದ) ಪಿಸ್ಟನ್. ಬೂಸ್ಟ್ ಹೆಚ್ಚಾಗಿ ಬಿಸಿಗೆ ಪಿಸ್ಟನ್ ರಿಂಗ್ ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್ನಿನ ರಿಂಗ್ ಅಂಚೇ ಒಡೆದು ಬರುತ್ತೆ.