ಪದಚರ್ಚೆ: ‘ಕಲ್ಲಚ್ಚು’ ಯಾವ ಪಟಕ್ಕೆ ಸಲ್ಲುತ್ತದೆ?

ಬಲ್ಲವರಲ್ಲಿ ಒಂದು ಪ್ರಶ್ನೆ. ಸೈನಿಕರ ಹಳೆಯ ಬಣ್ಣದ ಪಟಗಳಿಗೆ ವಿವರದ ಚೀಟಿ ಬರೆಯುವಾಗ ನಮ್ಮ ಕಾಸರಗೋಡಿನ ಕಡೆ ಎಲ್ಲಕ್ಕೂ ‘ಬಣ್ಣದ ಕಲ್ಲಚ್ಚು’ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ್ದು, ಲಿಥೋಗ್ರಾಫ್) ಎಂದುಬಿಡುವ ರೂಢಿಯಿದೆ. ಮಾತು ನಮಗೆ ಹತ್ತಿರದ್ದೇ. 1843ರಲ್ಲಿ ಮಂಗಳೂರಿನ ‘ಮಂಗಳೂರ ಸಮಾಚಾರ’, 1847ರಲ್ಲಿ ತಲಶ್ಶೇರಿಯ ‘ರಾಜ್ಯಸಮಾಚಾರಂ’ ಎರಡೂ ಕಲ್ಲಚ್ಚಿನಲ್ಲೇ ಹೊರಟವು. ಮಲಯಾಳದಲ್ಲೂ ಪದ ಅದೇ. ಆದರೆ ಪಟಗಳ ವಿಷಯದಲ್ಲಿ ಇದರಿಂದ ಕಾಲವೇ ತಪ್ಪುತ್ತದೆ.

ಟಿಪ್ಪುವಿನ ಇಬ್ಬರು ಮಕ್ಕಳನ್ನು 1792ರಲ್ಲಿ ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆದ ದೃಶ್ಯವನ್ನೇ ನೋಡಿ. ಸೆನೆಫೆಲ್ಡರ್ ಜರ್ಮನಿಯಲ್ಲಿ ಕಲ್ಲಿನ ಮೇಲೆ ಅಚ್ಚು ಹಾಕುವ ಬಗೆಯನ್ನು ಕಂಡುಕೊಂಡದ್ದು ಆ ದಶಕದ ಕೊನೆಗೆ. ಆದ್ದರಿಂದ ಅದಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ಅಚ್ಚಾದ ಪಟಗಳು ತಾಮ್ರದ ತಗಡಿನವು. ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಒದ್ದೆ ಕಾಗದಕ್ಕೆ ಒತ್ತಿ, ಆಮೇಲೆ ಕುಂಚದಿಂದ ಬಣ್ಣ ಹಚ್ಚಿದಂಥವು. ಇವಕ್ಕೆ ‘ತಾಮ್ರಪಟ’ ಎನ್ನಲಾಗದು, ಅದು ಶಾಸನಕ್ಕೆ ಸಂದ ಮಾತು. ‘ಕೈಬಣ್ಣದ ತಗಡಚ್ಚು’ ಎಂದರೆ ಹೇಗೆ?

ಗುರುತಿಸುವುದು ಕಷ್ಟವಲ್ಲ. ಟಾರ್ಚನ್ನು ಓರೆಯಾಗಿ ಹಿಡಿದರೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಕಾಣುತ್ತದೆ. ಕಟ್ಟು ಹಾಕಿಸುವಾಗ ಅಂಚು ಕತ್ತರಿಸಿದ್ದರೆ ಆ ಗುರುತು ಹೋಗಿರುತ್ತದೆ. ಆಗ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೇ ಗತಿ. ಕೈಬಣ್ಣದ ಪಟದಲ್ಲಿ ಕೋಟಿನ ಕೆಂಪು ನೀರುನೀರಾಗಿ ಹರಡಿ, ತೋಳಿನ ಗೆರೆ ದಾಟಿ ಬಿಳಿ ಪಟ್ಟಿಯ ಮೇಲೂ ಹೋಗಿರುತ್ತದೆ. ಕೆಳಗಿನ ಕಪ್ಪು ಗೆರೆ ಬಣ್ಣದ ಒಳಗಿನಿಂದ ಇಣುಕುತ್ತದೆ. ಇಂಥ ಪಟಕ್ಕೆ ಒದ್ದೆ ಬಟ್ಟೆ ತಾಗಿಸಲೇಬಾರದು, ಬಣ್ಣ ಎದ್ದುಬರುತ್ತದೆ.

ನಿಜವಾದ ಬಣ್ಣದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕೆಲವಕ್ಕೆ ಹತ್ತು ಹನ್ನೆರಡೂ ಉಂಟು. ಫ್ರಾನ್ಸಿನ ಅಚ್ಚುಗಾರ ಎಂಗೆಲ್ಮನ್ ಇದಕ್ಕೆ 1837ರಲ್ಲಿ ಪೇಟೆಂಟ್ ಪಡೆದ. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ಕಾಲರಿನ ಹಳದಿ ಸಿಪಾಯಿಯ ಗದ್ದಕ್ಕೆ ತಾಗುತ್ತದೆ. ಭೂತಗನ್ನಡಿಯಲ್ಲಿ ಚುಕ್ಕೆಗಳು ಮರಳು ಚೆಲ್ಲಿದಂತೆ ಅಡ್ಡಾದಿಡ್ಡಿ ಇರುತ್ತವೆ. ಚುಕ್ಕೆಗಳು ಸಾಲು ಹಿಡಿದು ನಿಂತಿದ್ದರೆ ಅದು ಕಲ್ಲಚ್ಚಲ್ಲ, ಫೋಟೋ ತೆಗೆದು ಮಾಡಿದ ಅಚ್ಚು. ಹಾಗೆಂದು ಅದನ್ನು ‘ಹೊಸ ನಕಲು’ ಎಂದು ಬರೆಯುವುದೂ ದುಡುಕು. 1900ರ ದಶಕದ ಪುಸ್ತಕಗಳ ಮೂರು ಬಣ್ಣದ ಚಿತ್ರಗಳಲ್ಲೂ ಇಂಥ ಚುಕ್ಕೆಗಳಿವೆ, ಅವುಗಳ ಕಾಗದ ಹೆಚ್ಚಾಗಿ ನುಣುಪು ಹೊಳಪಿನದು.

ಚಿತ್ರದಲ್ಲಿರುವವನನ್ನು ಕರೆಯುವುದರಲ್ಲೂ ತೊಡಕಿದೆ. ‘ಜವಾನ’ ಎಂದರೆ ಓದುಗನಿಗೆ ಕಚೇರಿಯ ಜವಾನ ನೆನಪಾಗುತ್ತಾನೆ. ‘ಸಿಪಾಯಿ’ಗೂ ಆ ನೆರಳುಂಟು, ಆದರೂ ಕಂಪೆನಿ ಸೇನೆಯ ಕಾಲಾಳಿಗೆ ಅದನ್ನು ಬಿಡಲಾಗದು. ಕುದುರೆ ಸವಾರನಿಗೆ ‘ರಾವುತ’ ಇರುವಾಗ ‘ಅಶ್ವಾರೋಹಿ ಸೈನಿಕ’ ಯಾಕೆ?

ಉಳಿದದ್ದು ಒಂದು ಬಗೆ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ, ಆಮ್ಲದಲ್ಲಿ ಕೊರೆಸಿ ನೆರಳು ಮೂಡಿಸುವ ಅಕ್ವಾಟಿಂಟ್. ಅದರಲ್ಲಿ ಆಕಾಶ, ಹೊಗೆ ಎಲ್ಲ ಗೆರೆಯಿಲ್ಲದೆ ತೆಳ್ಳಗೆ ಹರಡಿರುತ್ತದೆ. ‘ರಾಳದಚ್ಚು’ ಎನ್ನೋಣವೆಂದರೆ ರಾಳವೇ ಅಚ್ಚಾದಂತೆ ಕೇಳುತ್ತದೆ, ಅಚ್ಚಾಗುವುದು ಅದರ ಕಣಗಳ ನಡುವಿನ ಸಂದು. ಅಚ್ಚುಕೂಟದವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಇದೆಯೇ?